ಅಂತಾರಾಷ್ಟ್ರೀಯ ಸಂಸ್ಥೆಗಳ ಆಡಳಿತ ಮಂಡಳಿಗಳು: ರಚನೆ ಮತ್ತು ಮೇಲ್ವಿಚಾರಣೆ

ಪೀಠಿಕೆ

ಎರಡನೆಯ ಮಹಾಯುದ್ಧದ ಅನಂತರ ರೂಪುಗೊಂಡ ಅಂತಾರಾಷ್ಟ್ರೀಯ ಸಂಸ್ಥೆಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಅವುಗಳ ನೀತಿಗಳ ಸುತ್ತ ನಡೆಯುತ್ತದೆ. ಸಾಲದ ಷರತ್ತುಗಳು, ಅಣೆಕಟ್ಟುಗಳಿಗೆ ನೀಡಿದ ನೆರವು, ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಕೈಗೊಂಡ ನಿರ್ಧಾರಗಳು ಮೊದಲಾದವು ವಿಮರ್ಶೆಗೆ ಒಳಗಾಗುತ್ತವೆ. ಆದರೆ ಈ ನಿರ್ಧಾರಗಳನ್ನು ಯಾರು ಪರಿಶೀಲಿಸಿದರು, ಆ ಪರಿಶೀಲನೆಗೆ ಬೇಕಾದ ಮಾಹಿತಿ, ಸಮಯ ಹಾಗೂ ಸ್ವಾತಂತ್ರ್ಯ ಅವರಿಗೆ ಇದ್ದಿತೇ ಎಂಬ ಪ್ರಶ್ನೆ ಅಷ್ಟಾಗಿ ಮುನ್ನೆಲೆಗೆ ಬರುವುದಿಲ್ಲ. ಒಂದು ದೇಶದೊಳಗಿನ ಸರ್ಕಾರಕ್ಕೆ ಶಾಸಕಾಂಗ, ನ್ಯಾಯಾಲಯ, ಮಹಾಲೇಖಪಾಲರು ಹಾಗೂ ಮತದಾರರ ಅಂಕೆ ಇರುತ್ತದೆ. ಅಂತಾರಾಷ್ಟ್ರೀಯ ಸಂಸ್ಥೆಗಳಿಗೆ ಸದಸ್ಯ ದೇಶಗಳ ನ್ಯಾಯಾಲಯಗಳಿಂದ ಬಹುಮಟ್ಟಿಗೆ ವಿನಾಯಿತಿ ಇದೆ, ಅವುಗಳಿಗೆ ಮತದಾರರಿಲ್ಲ. ಆದುದರಿಂದ ಅಂಕೆಯ ಭಾರವೆಲ್ಲವೂ ಅವುಗಳ ಆಡಳಿತ ಮಂಡಳಿಯ ಮೇಲೆಯೇ ಬೀಳುತ್ತದೆ.

ಈ ಮಂಡಳಿಗಳ ರಚನೆಯು ಅವುಗಳ ಮೇಲ್ವಿಚಾರಣಾ ಸಾಮರ್ಥ್ಯವನ್ನು ಹೇಗೆ ನಿರ್ಧರಿಸುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಂತಾರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕ್‌ಗಳನ್ನು ಮುಖ್ಯ ನಿದರ್ಶನಗಳಾಗಿ ಇಟ್ಟುಕೊಂಡು, ಹೋಲಿಕೆಗಾಗಿ ಇತರ ಕೆಲವು ಸಂಸ್ಥೆಗಳನ್ನು ಪರಿಶೀಲಿಸಲಾಗಿದೆ.

ಸವಾನಾದ ವಿವಾದ

1944ರ ಜುಲೈ ತಿಂಗಳಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳ ಪ್ರತಿನಿಧಿಗಳು ಸೇರಿ ಈ ಎರಡು ಸಂಸ್ಥೆಗಳ ಒಪ್ಪಂದಗಳನ್ನು ರೂಪಿಸಿದರು. ಭಾರತದ ನಿಯೋಗದಲ್ಲಿ ಸಿ. ಡಿ. ದೇಶಮುಖ್, ಆರ್. ಕೆ. ಷಣ್ಮುಖಂ ಚೆಟ್ಟಿ, ಎ. ಡಿ. ಷ್ರಾಫ್ ಮೊದಲಾದವರು ಇದ್ದರು. ಒಪ್ಪಂದಗಳ ಪ್ರಕಾರ ಪರಮಾಧಿಕಾರವಿರುವುದು ಗವರ್ನರುಗಳ ಮಂಡಳಿಗೆ. ಪ್ರತಿಯೊಂದು ಸದಸ್ಯ ದೇಶದಿಂದಲೂ ಒಬ್ಬ ಗವರ್ನರ್ ಇರುತ್ತಾರೆ. ಇಷ್ಟು ದೊಡ್ಡ ಸಭೆ ದಿನನಿತ್ಯದ ಕೆಲಸವನ್ನು ನಡೆಸಲಾರದು. ಅದಕ್ಕಾಗಿ ಕಾರ್ಯನಿರ್ವಾಹಕ ನಿರ್ದೇಶಕರ ಮಂಡಳಿ ಎಂಬ ಚಿಕ್ಕ ಅಂಗವನ್ನು ರಚಿಸಲಾಯಿತು.

ಈ ಚಿಕ್ಕ ಮಂಡಳಿಯ ಸ್ವರೂಪ ಹೇಗಿರಬೇಕು ಎಂಬ ವಿವಾದ 1946ರ ಮಾರ್ಚ್‌ನಲ್ಲಿ ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ ನಡೆದ ಉದ್ಘಾಟನಾ ಸಭೆಯಲ್ಲಿ ತೀವ್ರವಾಯಿತು. ಬ್ರಿಟನ್ನಿನ ಪ್ರತಿನಿಧಿಯಾಗಿದ್ದ ಜಾನ್ ಮೇನಾರ್ಡ್ ಕೇನ್ಸ್, ನಿರ್ದೇಶಕರು ತಮ್ಮ ತಮ್ಮ ದೇಶಗಳ ಕೇಂದ್ರ ಬ್ಯಾಂಕು ಇಲ್ಲವೆ ಖಜಾನೆಗಳಲ್ಲಿ ಹೊಣೆ ಹೊತ್ತವರಾಗಿದ್ದು, ಆಗಾಗ ಬಂದು ಸಭೆ ಸೇರಿ ಮುಖ್ಯ ನೀತಿಗಳನ್ನಷ್ಟೇ ತೀರ್ಮಾನಿಸಬೇಕು ಎಂದು ವಾದಿಸಿದರು. ದಿನದ ಆಡಳಿತವನ್ನು ಪರಿಣತ ಸಿಬ್ಬಂದಿಗೆ ಬಿಡಬೇಕೆಂಬುದು ಅವರ ನಿಲುವು. ಅಮೆರಿಕದ ಪ್ರತಿನಿಧಿಗಳು ಇದನ್ನು ಒಪ್ಪಲಿಲ್ಲ. ನಿರ್ದೇಶಕರು ಅಥವಾ ಅವರ ಬದಲಿ ಪ್ರತಿನಿಧಿಗಳು ಪೂರ್ಣಾವಧಿಯಾಗಿ ಸಂಸ್ಥೆಯ ಕೇಂದ್ರ ಕಚೇರಿಯಲ್ಲೇ ಇರಬೇಕು, ಸಿಬ್ಬಂದಿಯ ಮೇಲೆ ಸರ್ಕಾರಗಳ ಕಣ್ಣು ಸದಾ ಇರಬೇಕು ಎಂಬುದು ಅವರ ವಾದ. ಕೇಂದ್ರ ಕಚೇರಿ ನ್ಯೂಯಾರ್ಕಿನಲ್ಲಿರಲಿ ಎಂಬ ಕೇನ್ಸರ ಸಲಹೆಯೂ ತಿರಸ್ಕೃತವಾಗಿ ವಾಷಿಂಗ್ಟನ್ ಆಯ್ಕೆಯಾಯಿತು. ಮಂಡಳಿಯು ನಿರಂತರ ಅಧಿವೇಶನದಲ್ಲಿ ಇರತಕ್ಕದ್ದು ಎಂಬ ನಿಯಮ ನಿಧಿಯ ಒಪ್ಪಂದದಲ್ಲಿ ಇಂದಿಗೂ ಉಳಿದಿದೆ.

ಈ ವಿವಾದವನ್ನು ಎರಡು ದೇಶಗಳ ಪ್ರತಿಷ್ಠೆಯ ಜಗಳವೆಂದಷ್ಟೇ ತಿಳಿಯುವುದು ಸರಿಯಲ್ಲ. ಮೇಲ್ವಿಚಾರಕನು ದೂರದಲ್ಲಿದ್ದರೆ ಅವನಿಗೆ ವಿವರಗಳು ತಿಳಿಯುವುದಿಲ್ಲ. ಹತ್ತಿರದಲ್ಲಿದ್ದು ಪ್ರತಿಯೊಂದು ನಿರ್ಧಾರದಲ್ಲೂ ಕೈಯಿಟ್ಟರೆ ಆ ನಿರ್ಧಾರಗಳನ್ನು ನಿಷ್ಪಕ್ಷಪಾತವಾಗಿ ತೂಗುವ ಅರ್ಹತೆ ಅವನಿಗೆ ಉಳಿಯುವುದಿಲ್ಲ. ಮಂಡಳಿಗಳ ರಚನೆಯನ್ನು ಕುರಿತ ಮುಂದಿನ ಚರ್ಚೆಗಳೆಲ್ಲ ಈ ಇಕ್ಕಟ್ಟಿನಿಂದಲೇ ಹುಟ್ಟಿಕೊಂಡವು.

ನಿವಾಸಿ ಮಂಡಳಿಯ ಕಾರ್ಯವಿಧಾನ

ನಿಧಿಯ ಕಾರ್ಯನಿರ್ವಾಹಕ ಮಂಡಳಿ 1946ರಲ್ಲಿ 12 ನಿರ್ದೇಶಕರೊಂದಿಗೆ ಆರಂಭವಾಯಿತು. 1992ರಲ್ಲಿ ಈ ಸಂಖ್ಯೆ 24ಕ್ಕೆ ಏರಿತು. 2024ರ ನವೆಂಬರ್‌ನಲ್ಲಿ ಸಹಾರಾದ ದಕ್ಷಿಣದ ಆಫ್ರಿಕಕ್ಕೆ ಇನ್ನೊಂದು ಸ್ಥಾನ ದೊರೆತು 25 ಆಯಿತು. ವಿಶ್ವಬ್ಯಾಂಕಿನ ಮಂಡಳಿಯಲ್ಲಿ 2010ರಿಂದಲೇ 25 ನಿರ್ದೇಶಕರಿದ್ದಾರೆ. ನಿಧಿಯ ಸದಸ್ಯ ದೇಶಗಳು 191. ಆದುದರಿಂದ ಬಹುತೇಕ ನಿರ್ದೇಶಕರು ಒಂದಕ್ಕಿಂತ ಹೆಚ್ಚು ದೇಶಗಳ ಗುಂಪನ್ನು ಪ್ರತಿನಿಧಿಸುತ್ತಾರೆ. ಆರಂಭದಲ್ಲಿ ಸೋವಿಯತ್ ಒಕ್ಕೂಟ ಸದಸ್ಯನಾಗದ ಕಾರಣ ಭಾರತವು ಐದು ದೊಡ್ಡ ಪಾಲುದಾರ ದೇಶಗಳಲ್ಲಿ ಒಂದಾಗಿ, ಎರಡು ದಶಕಗಳಿಗೂ ಹೆಚ್ಚು ಕಾಲ ತನ್ನ ನಿರ್ದೇಶಕರನ್ನು ತಾನೇ ನೇಮಿಸುವ ಹಕ್ಕು ಪಡೆದಿತ್ತು. 2010ರಲ್ಲಿ ಒಪ್ಪಿಗೆಯಾಗಿ 2016ರ ಜನವರಿಯಲ್ಲಿ ಜಾರಿಗೆ ಬಂದ ಸುಧಾರಣೆಯ ಅನಂತರ ಎಲ್ಲ ನಿರ್ದೇಶಕರೂ ಚುನಾಯಿತರೇ ಆಗಿದ್ದಾರೆ.

ಗುಂಪು ಪ್ರಾತಿನಿಧ್ಯದಲ್ಲಿ ಒಂದು ವಿಶಿಷ್ಟ ನಿಯಮವಿದೆ. ನಿರ್ದೇಶಕರು ತಮ್ಮ ಗುಂಪಿನ ಮತಗಳನ್ನು ಒಡೆದು ಹಾಕುವಂತಿಲ್ಲ, ಒಟ್ಟಾಗಿಯೇ ಚಲಾಯಿಸಬೇಕು. ಭಾರತದ ನಿರ್ದೇಶಕರು ಬಾಂಗ್ಲಾದೇಶ, ಭೂತಾನ ಹಾಗೂ ಶ್ರೀಲಂಕಾಗಳನ್ನೂ ಪ್ರತಿನಿಧಿಸುತ್ತಾರೆ. 2023ರ ಜನವರಿಯಲ್ಲಿ ಬಾಂಗ್ಲಾದೇಶಕ್ಕೆ, ಮಾರ್ಚ್‌ನಲ್ಲಿ ಶ್ರೀಲಂಕಾಗೆ ನಿಧಿಯ ನೆರವು ಮಂಜೂರಾದಾಗ, ಸಾಲ ಕೇಳಿದ ದೇಶದ ದನಿಯೂ ಸಾಲ ಕೊಡುವ ಸಂಸ್ಥೆಯ ಮೇಲ್ವಿಚಾರಕನ ದನಿಯೂ ಒಂದೇ ಪೀಠದಿಂದ ಕೇಳಬೇಕಾಗಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ, ರಚನೆಯೇ ಹಾಗಿದೆ. ನಿರ್ದೇಶಕರು ಏಕಕಾಲಕ್ಕೆ ಸಂಸ್ಥೆಯಿಂದ ವೇತನ ಪಡೆಯುವ ಅಧಿಕಾರಿಗಳು ಮತ್ತು ತಮ್ಮನ್ನು ಆರಿಸಿದ ಸರ್ಕಾರಗಳ ವಕ್ತಾರರು.

ಮಂಡಳಿಯ ಅಧ್ಯಕ್ಷತೆಯ ಪ್ರಶ್ನೆಯೂ ಗಮನಾರ್ಹವಾದುದು. ನಿಧಿಯ ವ್ಯವಸ್ಥಾಪಕ ನಿರ್ದೇಶಕರೇ ಮಂಡಳಿಯ ಅಧ್ಯಕ್ಷರು; ಬ್ಯಾಂಕಿನಲ್ಲಿ ಅದರ ಅಧ್ಯಕ್ಷರೇ ಮಂಡಳಿಗೂ ಅಧ್ಯಕ್ಷರು. ಮತಗಳು ಸಮವಾದಾಗ ಮಾತ್ರ ಅವರಿಗೆ ನಿರ್ಣಾಯಕ ಮತವಿದೆ. ಆದರೆ ಕಾರ್ಯಸೂಚಿ ಸಿದ್ಧಪಡಿಸುವುದು, ಚರ್ಚೆಯನ್ನು ನಡೆಸುವುದು, ಸಭೆಯ ಒಟ್ಟಭಿಪ್ರಾಯ ಇಂತಹುದೆಂದು ಸಾರುವುದು ಅವರ ಕೈಯಲ್ಲಿದೆ. ಪರಿಶೀಲನೆಗೆ ಒಳಗಾಗಬೇಕಾದ ಆಡಳಿತದ ಮುಖ್ಯಸ್ಥರೇ ಪರಿಶೀಲಿಸುವ ಸಭೆಯನ್ನು ನಡೆಸುತ್ತಾರೆ. ಇದಲ್ಲದೆ ನಿಧಿಯ ಮುಖ್ಯಸ್ಥರು ಯುರೋಪಿನವರು, ಬ್ಯಾಂಕಿನ ಮುಖ್ಯಸ್ಥರು ಅಮೆರಿಕದ ಪ್ರಜೆ ಎಂಬ ರೂಢಿಯಿಂದಾಗಿ, ಆಯ್ಕೆಯ ಔಪಚಾರಿಕ ಅಧಿಕಾರ ಮಂಡಳಿಯದಾಗಿದ್ದರೂ ಆಯ್ಕೆಯ ವ್ಯಾಪ್ತಿ ಮೊದಲೇ ಕಿರಿದಾಗಿರುತ್ತದೆ.

ನಿರ್ಧಾರಗಳು ಬಹುತೇಕ ಮತದಾನವಿಲ್ಲದೆ ಸಹಮತದಿಂದ ಆಗುತ್ತವೆ. ಹೀಗಾಗಿ ಭಿನ್ನಾಭಿಪ್ರಾಯ ಹೊರಗೆ ಕಾಣುವುದು ಅಪರೂಪ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ನೆರವಿನ ವಿಷಯದಲ್ಲಿ ಭಾರತ ಮತದಾನದಿಂದ ದೂರ ಉಳಿದು ತನ್ನ ಆಕ್ಷೇಪವನ್ನು ಬಹಿರಂಗವಾಗಿ ಪ್ರಕಟಿಸಿದ್ದು ಅಂತಹ ಅಪರೂಪದ ಪ್ರಸಂಗ. ಸಹಮತದ ಪದ್ಧತಿ ಚಿಕ್ಕ ದೇಶಗಳಿಗೆ ಮಾತನಾಡುವ ಅವಕಾಶ ನೀಡುತ್ತದೆ ಎಂಬುದು ನಿಜ. ಆದರೆ ಯಾವ ನಿರ್ದೇಶಕರು ಯಾವ ನಿಲುವು ತಳೆದರು ಎಂಬುದು ಅಸ್ಪಷ್ಟವಾದಾಗ, ತಪ್ಪು ನಿರ್ಧಾರಕ್ಕೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ. ನಿಧಿಯೊಳಗೆ 2001ರಲ್ಲಿ ಸ್ಥಾಪನೆಯಾದ ಸ್ವತಂತ್ರ ಮೌಲ್ಯಮಾಪನ ಕಚೇರಿಯು 2008ರಲ್ಲಿ ನಿಧಿಯ ಆಡಳಿತ ವ್ಯವಸ್ಥೆಯನ್ನೇ ಪರಿಶೀಲಿಸಿ, ಕಾರ್ಯದಕ್ಷತೆ ಅದರ ಬಲವೆಂದೂ ಹೊಣೆಗಾರಿಕೆ ಮತ್ತು ಪ್ರಾತಿನಿಧ್ಯಗಳು ದುರ್ಬಲವೆಂದೂ ಅಭಿಪ್ರಾಯಪಟ್ಟಿತು. ದಿನನಿತ್ಯದ ನಿರ್ವಹಣೆಯಿಂದ ಹಿಂದೆ ಸರಿದು ಮಂಡಳಿಯು ಮೇಲ್ವಿಚಾರಣೆಯತ್ತ ಗಮನ ಹರಿಸಬೇಕೆಂಬುದು ಅದರ ಮುಖ್ಯ ಶಿಫಾರಸುಗಳಲ್ಲಿ ಒಂದು. ಸವಾನಾದಲ್ಲಿ ಕೇನ್ಸರು ಎತ್ತಿದ್ದ ಪ್ರಶ್ನೆ ಆರು ದಶಕಗಳ ಅನಂತರ ಸಂಸ್ಥೆಯ ಒಳಗಿನಿಂದಲೇ ಮತ್ತೆ ಕೇಳಿಬಂದಿತು.

ನರ್ಮದೆಯಿಂದ ಬಂದ ಪಾಠ

ಮೇಲ್ವಿಚಾರಣೆಯ ಕೊರತೆ ಎಂಬುದು ಕಡತಗಳ ವಿಷಯವಾಗಿ ಮಾತ್ರ ಉಳಿಯುವುದಿಲ್ಲ ಎಂಬುದಕ್ಕೆ ಸರ್ದಾರ್ ಸರೋವರ ಯೋಜನೆಯ ಪ್ರಕರಣ ನಿದರ್ಶನ. ವಿಶ್ವಬ್ಯಾಂಕ್ 1985ರಲ್ಲಿ ಈ ಯೋಜನೆಗೆ 45 ಕೋಟಿ ಡಾಲರ್ ನೆರವನ್ನು ಮಂಜೂರು ಮಾಡಿತು. ಮುಳುಗಡೆಯಾಗುವ ಹಳ್ಳಿಗಳ ಜನರ ಪುನರ್ವಸತಿಯ ಬಗೆಗೆ ಬ್ಯಾಂಕಿನದೇ ನಿಯಮಗಳು ಪಾಲನೆಯಾಗುತ್ತಿಲ್ಲ ಎಂಬ ಆರೋಪಗಳು ನರ್ಮದಾ ಬಚಾವೋ ಆಂದೋಲನದಿಂದಲೂ ವಿದೇಶಗಳ ಸಂಘಟನೆಗಳಿಂದಲೂ ಬಂದವು. 1991ರಲ್ಲಿ ಬ್ಯಾಂಕ್ ಬ್ರಾಡ್‌ಫರ್ಡ್ ಮೋರ್ಸ್ ಅವರ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆಗೆ ಒಪ್ಪಿತು. 1992ರ ಜೂನ್‌ನಲ್ಲಿ ಸಲ್ಲಿಕೆಯಾದ ಆ ವರದಿ ಪುನರ್ವಸತಿ ಮತ್ತು ಪರಿಸರ ಎರಡೂ ವಿಷಯಗಳಲ್ಲಿ ಗಂಭೀರ ಲೋಪಗಳನ್ನು ಎತ್ತಿ ತೋರಿಸಿ, ಬ್ಯಾಂಕ್ ಒಂದು ಹೆಜ್ಜೆ ಹಿಂದೆ ಸರಿದು ಯೋಜನೆಯನ್ನು ಹೊಸದಾಗಿ ಪರಾಮರ್ಶಿಸಬೇಕೆಂದು ಸೂಚಿಸಿತು. ಆದರೂ ಅದೇ ಅಕ್ಟೋಬರ್‌ನಲ್ಲಿ ಮಂಡಳಿಯು ಹಲವು ನಿರ್ದೇಶಕರ ವಿರೋಧದ ನಡುವೆ ಷರತ್ತುಗಳೊಡನೆ ನೆರವನ್ನು ಮುಂದುವರಿಸಲು ತೀರ್ಮಾನಿಸಿತು. 1993ರ ಮಾರ್ಚ್‌ನಲ್ಲಿ ಭಾರತ ಸರ್ಕಾರವೇ ಉಳಿದ ಸಾಲವನ್ನು ಪಡೆಯುವುದಿಲ್ಲವೆಂದು ತಿಳಿಸಿತು.

ಇದೇ ಅವಧಿಯಲ್ಲಿ ಬ್ಯಾಂಕಿನ ಒಳಗೇ ಸಿದ್ಧವಾದ ವಾಪೆನ್‌ಹಾನ್ಸ್ ವರದಿಯು, ಮುಗಿದ ಯೋಜನೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವು ತೃಪ್ತಿಕರವಾಗಿಲ್ಲವೆಂದು ತೋರಿಸಿತು. ಸಿಬ್ಬಂದಿಯ ಶ್ರಮವೆಲ್ಲ ಸಾಲ ಮಂಜೂರಾಗುವವರೆಗೆ ಮಾತ್ರ. ಅನಂತರದ ಅನುಷ್ಠಾನದ ಬಗೆಗೆ ಆಸಕ್ತಿ ಕಡಿಮೆ ಎಂಬುದು ಅದರ ಸಾರ. ಇಲ್ಲಿ ಮಂಡಳಿಯ ಸಮಸ್ಯೆ ಸ್ಪಷ್ಟವಾಗುತ್ತದೆ. ನಿರ್ದೇಶಕರು ವಾಷಿಂಗ್ಟನ್ನಿನಲ್ಲೇ ವಾಸವಾಗಿದ್ದರೂ ಅವರಿಗೆ ದೊರೆಯುತ್ತಿದ್ದ ಮಾಹಿತಿ ಬಹುಪಾಲು ಆಡಳಿತದ ಮೂಲಕವೇ ಸಿದ್ಧವಾಗಿ ಬಂದದ್ದು. ಕಚೇರಿಗೆ ಹತ್ತಿರವಿದ್ದ ಮಾತ್ರಕ್ಕೆ ನರ್ಮದೆಯ ದಂಡೆ ಹತ್ತಿರವಾಗಲಿಲ್ಲ.

ಈ ಅನುಭವದ ಫಲವಾಗಿ 1993ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಪೆಕ್ಷನ್ ಪ್ಯಾನೆಲ್ ಎಂಬ ಮೂವರು ಸದಸ್ಯರ ಪರಿಶೀಲನಾ ಸಮಿತಿ ಸ್ಥಾಪನೆಯಾಯಿತು. ಬ್ಯಾಂಕಿನ ನೆರವಿನ ಯೋಜನೆಯಿಂದ ಹಾನಿಗೊಳಗಾದ ಅಥವಾ ಹಾನಿಯ ಭಯವುಳ್ಳ ಜನರು ನೇರವಾಗಿ ಈ ಸಮಿತಿಗೆ ದೂರು ಸಲ್ಲಿಸಬಹುದು. ಸದಸ್ಯರ ಅವಧಿ ಐದು ವರ್ಷ, ಮರುನೇಮಕವಿಲ್ಲ. ಹಿಂದಿನ ಎರಡು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವರು ನೇಮಕಕ್ಕೆ ಅರ್ಹರಲ್ಲ. ಸದಸ್ಯರಾಗಿದ್ದವರು ಮುಂದೆ ಬ್ಯಾಂಕಿನ ನೌಕರಿಗೆ ಸೇರುವಂತಿಲ್ಲ. ವರದಿ ನೇರವಾಗಿ ಮಂಡಳಿಗೆ ಹೋಗುತ್ತದೆ. ಸ್ವತಂತ್ರ ಪರಿಶೀಲನೆಗೆ ಬೇಕಾದ ಮುಖ್ಯ ಅಂಶಗಳು, ಅಂದರೆ ಮುಂದಿನ ನೌಕರಿಯ ಆಸೆಯಿಲ್ಲದಿರುವುದು, ತೆಗೆದುಹಾಕುವ ಭಯವಿಲ್ಲದಿರುವುದು ಹಾಗೂ ಮೇಲಿನವರೊಡನೆ ನೇರ ಸಂಪರ್ಕ, ಈ ನಿಯಮಗಳಲ್ಲಿ ಅಡಕವಾಗಿವೆ.

ನಾಗರಹೊಳೆಯ ದೂರು

ಈ ಸಮಿತಿಯ ಆರಂಭದ ವರ್ಷಗಳಲ್ಲಿ ಅದರ ಮುಂದೆ ಬಂದ ಪ್ರಕರಣಗಳಲ್ಲಿ ಕರ್ನಾಟಕದ ನಾಗರಹೊಳೆಯದೂ ಒಂದು. ಬ್ಯಾಂಕಿನ ನೆರವಿನ ಭಾರತ ಪರಿಸರ ಅಭಿವೃದ್ಧಿ ಯೋಜನೆಯು ಗಿರ್, ರಣಥಂಬೋರ್, ಪೆರಿಯಾರ್ ಮುಂತಾದ ಏಳು ರಕ್ಷಿತ ಅರಣ್ಯ ಪ್ರದೇಶಗಳನ್ನು ಒಳಗೊಂಡಿತ್ತು. ಅವುಗಳಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವೂ ಸೇರಿತ್ತು. ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಸಮುದಾಯಗಳು ತಲೆಮಾರುಗಳಿಂದ ವಾಸಿಸುತ್ತ ಬಂದ ಕಾಡು ಅದು. ಯೋಜನೆ ರೂಪಿಸುವಾಗ ಕಾಡಿನೊಳಗಿನ ಆದಿವಾಸಿಗಳೊಡನೆ ಸರಿಯಾಗಿ ಸಮಾಲೋಚಿಸಿಲ್ಲ, ಮೂಲನಿವಾಸಿಗಳನ್ನು ಕುರಿತ ಬ್ಯಾಂಕಿನ ನೀತಿ ಪಾಲನೆಯಾಗಿಲ್ಲ, ತಮ್ಮನ್ನು ಕಾಡಿನಿಂದ ಹೊರಹಾಕುವ ಭಯವಿದೆ ಎಂಬ ದೂರು 1998ರಲ್ಲಿ ಸಲ್ಲಿಕೆಯಾಯಿತು.

ಸಮಿತಿಯು ಪ್ರಾಥಮಿಕ ಪರಿಶೀಲನೆ ನಡೆಸಿ, ದೂರಿನಲ್ಲಿ ಹುರುಳಿದೆ ಎಂದು ಕಂಡು ಪೂರ್ಣ ತನಿಖೆಗೆ ಶಿಫಾರಸು ಮಾಡಿತು. ಆದರೆ ಮಂಡಳಿ ತನಿಖೆಗೆ ಅನುಮತಿ ನೀಡಲಿಲ್ಲ. ಎತ್ತಿರುವ ಸಮಸ್ಯೆಗಳನ್ನು ಆಡಳಿತವೇ ಸರ್ಕಾರದೊಡನೆ ಸೇರಿ ಪರಿಹರಿಸಬೇಕೆಂದು ತಿಳಿಸಿ ವಿಷಯವನ್ನು ಮುಕ್ತಾಯಗೊಳಿಸಿತು. ಸಮಿತಿಯ ಆರಂಭದ ವರ್ಷಗಳಲ್ಲಿ ಸಾಲ ಪಡೆಯುವ ದೇಶಗಳ ನಿರ್ದೇಶಕರು ತನಿಖೆಯನ್ನು ತಮ್ಮ ಸಾರ್ವಭೌಮತ್ವದ ಮೇಲಿನ ತೀರ್ಪೆಂದು ಭಾವಿಸುತ್ತಿದ್ದರು. ಆಡಳಿತವು ತನಿಖೆಗೆ ಮೊದಲೇ ಪರಿಹಾರ ಕ್ರಮಗಳ ಪಟ್ಟಿಯನ್ನು ಮಂಡಳಿಯ ಮುಂದಿಡುತ್ತಿತ್ತು. ಈ ಎರಡು ಒತ್ತಡಗಳ ನಡುವೆ ಬ್ಯಾಂಕ್ ತನ್ನ ನಿಯಮವನ್ನು ತಾನೇ ಪಾಲಿಸಿತೇ ಎಂಬ ಮೂಲ ಪ್ರಶ್ನೆ ಹಿಂದೆ ಸರಿಯುತ್ತಿತ್ತು. ದೂರುದಾರರಿಗೆ ಬೇಕಾಗಿದ್ದುದು ಆ ಪ್ರಶ್ನೆಗೆ ಉತ್ತರ.

ಇಂತಹ ಪ್ರಕರಣಗಳ ಅನುಭವದ ಮೇಲೆ 1999ರ ಏಪ್ರಿಲ್‌ನಲ್ಲಿ ಮಂಡಳಿ ತನ್ನ ಕಾರ್ಯವಿಧಾನವನ್ನು ತಿದ್ದಿಕೊಂಡಿತು. ಸಮಿತಿ ಶಿಫಾರಸು ಮಾಡಿದರೆ, ತಾಂತ್ರಿಕ ಅರ್ಹತೆಯ ಪ್ರಶ್ನೆಯ ಹೊರತು, ದೂರಿನ ಗುಣಾವಗುಣಗಳನ್ನು ಚರ್ಚಿಸದೆ ತನಿಖೆಗೆ ಅನುಮತಿ ನೀಡುವುದೆಂದು ನಿಶ್ಚಯಿಸಲಾಯಿತು. ತನಿಖೆಯ ವಿಷಯ ಬ್ಯಾಂಕಿನ ನಡವಳಿಕೆಯೇ ಹೊರತು ಸಾಲ ಪಡೆದ ದೇಶದ ನಡವಳಿಕೆಯಲ್ಲ ಎಂಬುದೂ ಸ್ಪಷ್ಟವಾಯಿತು. 2020ರಲ್ಲಿ ಈ ಸಮಿತಿಯ ಜೊತೆಗೆ ವ್ಯಾಜ್ಯ ಪರಿಹಾರದ ವಿಭಾಗವೊಂದನ್ನು ಸೇರಿಸಿ ಹೊಣೆಗಾರಿಕೆಯ ವ್ಯವಸ್ಥೆಯನ್ನು ವಿಸ್ತರಿಸಲಾಯಿತು. ನಾಗರಹೊಳೆಯ ದೂರುದಾರರಿಗೆ ಈ ತಿದ್ದುಪಡಿಯಿಂದ ಪ್ರಯೋಜನವಾಗಲಿಲ್ಲ. ಆದರೆ ಅನಂತರದ ದೂರುಗಳ ದಾರಿ ಸುಗಮವಾಯಿತು.

ಅನಿವಾಸಿ ಮಂಡಳಿಗಳು

ಇತ್ತೀಚಿನ ಬ್ಯಾಂಕುಗಳು ಸವಾನಾದ ತೀರ್ಮಾನವನ್ನು ಅನುಸರಿಸಿಲ್ಲ. 2016ರ ಜನವರಿಯಲ್ಲಿ ಬೀಜಿಂಗ್‌ನಲ್ಲಿ ಕಾರ್ಯಾರಂಭ ಮಾಡಿದ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನ 12 ನಿರ್ದೇಶಕರು ಅನಿವಾಸಿಗಳು. 2019ರಿಂದ ಕೆಲವು ಬಗೆಯ ಯೋಜನೆಗಳ ಮಂಜೂರಾತಿಯನ್ನು ಬ್ಯಾಂಕಿನ ಅಧ್ಯಕ್ಷರಿಗೆ ವಹಿಸಲಾಗಿದೆ. ಮಂಜೂರು ಮಾಡುವವರು ಆಡಳಿತದವರಾದರೆ ಅವರನ್ನು ಪ್ರಶ್ನಿಸಲು ಮಂಡಳಿ ಹೆಚ್ಚು ಸ್ವತಂತ್ರವಾಗಿರುತ್ತದೆ ಎಂಬುದು ಇದರ ಹಿಂದಿನ ತರ್ಕ. ದೂರದಲ್ಲಿರುವ ಮಂಡಳಿಗೆ ಆಡಳಿತವನ್ನು ಅಂಕೆಯಲ್ಲಿಡುವ ಶಕ್ತಿ ಇರುವುದೇ ಎಂಬುದು ವಿಮರ್ಶಕರ ಶಂಕೆ.

ಬ್ರಿಕ್ಸ್ ದೇಶಗಳು ಶಾಂಘೈನಲ್ಲಿ ಸ್ಥಾಪಿಸಿದ ನವ ಅಭಿವೃದ್ಧಿ ಬ್ಯಾಂಕಿನ ಮಂಡಳಿಯೂ ಅನಿವಾಸಿಯೇ. ಮಂಗಳೂರು ಮೂಲದ ಕೆ. ವಿ. ಕಾಮತ್ ಅವರು 2015ರಿಂದ 2020ರವರೆಗೆ ಇದರ ಮೊದಲ ಅಧ್ಯಕ್ಷರಾಗಿದ್ದರು. ಈ ಬ್ಯಾಂಕಿನಲ್ಲಿ ನಿರ್ದೇಶಕರ ಮಂಡಳಿಯ ಅಧ್ಯಕ್ಷಸ್ಥಾನ ಬ್ಯಾಂಕಿನ ಅಧ್ಯಕ್ಷರದಲ್ಲ; ನಿರ್ದೇಶಕರಲ್ಲೇ ಒಬ್ಬರು ಅದನ್ನು ವಹಿಸುತ್ತಾರೆ. ಬ್ರೆಟನ್ ವುಡ್ಸ್ ಸಂಸ್ಥೆಗಳಲ್ಲಿ ಒಂದಾಗಿರುವ ಎರಡು ಹೊಣೆಗಳು ಇಲ್ಲಿ ಬೇರೆಯಾಗಿವೆ. ಸ್ಥಾಪಕ ದೇಶಗಳೈದಕ್ಕೂ ಸಮಾನ ಪಾಲು ಇರುವುದರಿಂದ ಯಾವುದೊಂದು ದೇಶಕ್ಕೂ ನಿರಾಕರಣಾಧಿಕಾರವಿಲ್ಲ. ನಿಧಿಯಲ್ಲಾದರೋ ಮುಖ್ಯ ತಿದ್ದುಪಡಿಗಳಿಗೆ ಶೇ. 85ರಷ್ಟು ಮತ ಬೇಕಾಗುವುದರಿಂದ, ಶೇ. 16ಕ್ಕಿಂತ ಹೆಚ್ಚು ಮತವುಳ್ಳ ಅಮೆರಿಕದ ಒಪ್ಪಿಗೆಯಿಲ್ಲದೆ ಮಂಡಳಿಯ ಮೂಲ ರಚನೆಯನ್ನು ಬದಲಿಸುವುದು ಸಾಧ್ಯವಿಲ್ಲ.

ಪ್ರಾತಿನಿಧ್ಯವೊಂದೇ ಸಾಲದು

ಮಂಡಳಿಯಲ್ಲಿ ಸರ್ಕಾರಗಳಲ್ಲದೆ ಇತರರಿಗೂ ಸ್ಥಾನ ನೀಡಿದರೆ ಮೇಲ್ವಿಚಾರಣೆ ಸುಧಾರಿಸುವುದೇ ಎಂಬ ಪ್ರಶ್ನೆಗೆ ಏಡ್ಸ್, ಕ್ಷಯ ಮತ್ತು ಮಲೇರಿಯಾಗಳ ವಿರುದ್ಧ ಹೋರಾಡಲು 2002ರಲ್ಲಿ ಸ್ಥಾಪಿತವಾದ ಜಾಗತಿಕ ನಿಧಿ ಒಂದು ಉತ್ತರ. ಅದರ ಮಂಡಳಿಯಲ್ಲಿ ಮತಾಧಿಕಾರವುಳ್ಳ ಸದಸ್ಯರು 20. ಅರ್ಧದಷ್ಟು ದಾನಿಗಳ ಕಡೆಯವರು. ಉಳಿದ ಅರ್ಧ ಅನುಷ್ಠಾನದ ಕಡೆಯವರು. ಸ್ವಯಂಸೇವಾ ಸಂಘಟನೆಗಳಿಗೂ ಈ ರೋಗಗಳಿಂದ ಬಳಲಿದ ಸಮುದಾಯಗಳಿಗೂ ಅಲ್ಲಿ ಮತವಿದೆ. ಆದರೂ 2011ರಲ್ಲಿ, ಕೆಲವು ದೇಶಗಳಲ್ಲಿ ಅನುದಾನ ದುರುಪಯೋಗವಾದುದನ್ನು ಅದರ ಮಹಾನಿರೀಕ್ಷಕರು ಬಯಲಿಗೆಳೆದ ಬಳಿಕ, ಉನ್ನತ ಮಟ್ಟದ ಸ್ವತಂತ್ರ ಸಮಿತಿಯೊಂದು ಪರಿಶೀಲಿಸಿ ಮಂಡಳಿಯ ಮೇಲ್ವಿಚಾರಣೆ ಸಡಿಲವಾಗಿತ್ತೆಂದು ಹೇಳಿತು. ಅನಂತರ ಲೆಕ್ಕಪರಿಶೋಧನೆ ಮತ್ತು ನೀತಿಸಂಹಿತೆಗೆ ಪ್ರತ್ಯೇಕ ಸಮಿತಿಯೂ ಸೇರಿದಂತೆ ಮಂಡಳಿಯ ಸಮಿತಿಗಳು ಪುನಾರಚನೆಗೊಂಡವು. ವಿಶಾಲ ಪ್ರಾತಿನಿಧ್ಯವು ಯಾವ ಪ್ರಶ್ನೆ ಕೇಳಬೇಕೆಂಬುದನ್ನು ತಿಳಿಸಬಲ್ಲುದು. ಲೆಕ್ಕಪತ್ರವನ್ನು ಬಗೆದು ನೋಡಲು ಪರಿಣತಿ ಬೇರೆಯೇ ಬೇಕು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ, ದುರುಪಯೋಗ ಬೆಳಕಿಗೆ ಬಂದದ್ದು ನೇರವಾಗಿ ಮಂಡಳಿಗೆ ವರದಿ ಮಾಡುವ ಅಧಿಕಾರಿಯಿಂದ.

ಇದಕ್ಕೆ ವಿರುದ್ಧವಾದ ನಿದರ್ಶನ ವಿಶ್ವಸಂಸ್ಥೆಯ ಯೋಜನಾ ಸೇವೆಗಳ ಕಚೇರಿಯದು. ಮೂಲಸೌಕರ್ಯದಲ್ಲಿ ಹೂಡಿಕೆಗೆಂದು ಅದು ಆರಂಭಿಸಿದ ಕಾರ್ಯಕ್ರಮದ ಹಣದ ಬಹುಪಾಲು ಪರಸ್ಪರ ಸಂಬಂಧವುಳ್ಳ ಒಂದೇ ಗುಂಪಿನ ಕಂಪನಿಗಳಿಗೆ ಸಂದಿತು, ಹಣ ಮರಳಲಿಲ್ಲ. 2022ರಲ್ಲಿ ಇದು ಬಹಿರಂಗವಾಗಿ ಕಚೇರಿಯ ಮುಖ್ಯಸ್ಥರು ರಾಜೀನಾಮೆ ನೀಡಿದರು. 36 ದೇಶಗಳ ಒಂದೇ ಕಾರ್ಯನಿರ್ವಾಹಕ ಮಂಡಳಿ ಈ ಕಚೇರಿಯ ಜೊತೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಜನಸಂಖ್ಯಾ ನಿಧಿಗಳನ್ನೂ ನೋಡಿಕೊಳ್ಳುತ್ತದೆ. ವರ್ಷದಲ್ಲಿ ಕೆಲವೇ ದಿನ ಸೇರುವ, ರಾಜತಾಂತ್ರಿಕರೇ ಹೆಚ್ಚಾಗಿರುವ ಇಂತಹ ಮಂಡಳಿಗೆ ಹೂಡಿಕೆಯ ಅಪಾಯವನ್ನು ಅಳೆಯುವುದು ಕಷ್ಟಸಾಧ್ಯ.

ಪರಿಣತಿ ಮತ್ತು ಪ್ರಾತಿನಿಧ್ಯಗಳ ಈ ಎಳೆತ ವಿಶ್ವ ಆರೋಗ್ಯ ಸಂಸ್ಥೆಯಲ್ಲೂ ಕಾಣುತ್ತದೆ. ಅದರ ಕಾರ್ಯನಿರ್ವಾಹಕ ಮಂಡಳಿಯ 34 ಸದಸ್ಯರು ಆರೋಗ್ಯ ಕ್ಷೇತ್ರದ ತಜ್ಞರಾಗಿರಬೇಕೆಂದು ಸಂವಿಧಾನ ಬಯಸುತ್ತದೆ. ಆದರೆ ಅವರು ಸರ್ಕಾರಗಳ ಪ್ರತಿನಿಧಿಗಳೆಂಬ ಅರ್ಥವಿವರಣೆಯನ್ನು 1998ರಲ್ಲಿ ಅಂಗೀಕರಿಸಲಾಯಿತು.

ರಚನೆಯ ತತ್ತ್ವಗಳು

ಮೇಲಿನ ನಿದರ್ಶನಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ನಿರ್ಧಾರ ಕೈಗೊಳ್ಳುವ ಕೆಲಸವನ್ನೂ ಅದನ್ನು ಪರಿಶೀಲಿಸುವ ಕೆಲಸವನ್ನೂ ಒಂದೇ ಅಂಗಕ್ಕೆ ಪೂರ್ತಿಯಾಗಿ ವಹಿಸಿದರೆ ಎರಡನೆಯದು ಸೊರಗುತ್ತದೆ. ತಾನೇ ಮಂಜೂರು ಮಾಡಿದ ಸಾಲದ ಲೋಪವನ್ನು ಒಪ್ಪಿಕೊಳ್ಳುವುದು ಯಾವ ಮಂಡಳಿಗೂ ಸುಲಭವಲ್ಲ. ಎರಡನೆಯದಾಗಿ, ಮಂಡಳಿಗೆ ಆಡಳಿತದ ಮೂಲಕ ಹಾಯದೆ ಬರುವ ಮಾಹಿತಿಯ ದಾರಿಗಳು ಇರಬೇಕು. ಸ್ವತಂತ್ರ ಮೌಲ್ಯಮಾಪನ, ಲೆಕ್ಕಪರಿಶೋಧನೆ ಹಾಗೂ ಬಾಧಿತರ ದೂರು ಇಂತಹ ಮೂರು ದಾರಿಗಳು; ಒಂದು ಇನ್ನೊಂದಕ್ಕೆ ಬದಲಿಯಾಗಲಾರದು. ಮೂರನೆಯದಾಗಿ, ಆಡಳಿತದ ಮುಖ್ಯಸ್ಥರು ಮಂಡಳಿಯ ಅಧ್ಯಕ್ಷತೆ ವಹಿಸುವ ಕಡೆಗಳಲ್ಲಿ, ಅವರ ಕಾರ್ಯವನ್ನು ವಿಮರ್ಶಿಸುವ ಸಭೆಗಳನ್ನಾದರೂ ನಿರ್ದೇಶಕರಲ್ಲೊಬ್ಬರು ನಡೆಸುವುದು ಯುಕ್ತ. ನಾಲ್ಕನೆಯದಾಗಿ, ನಿವಾಸಿ ಅಥವಾ ಅನಿವಾಸಿ ಎಂಬ ಆಯ್ಕೆಗಿಂತ ಮಂಡಳಿಯ ಸಮಯ ಯಾವುದಕ್ಕೆ ವಿನಿಯೋಗವಾಗುತ್ತದೆ ಎಂಬುದು ಮುಖ್ಯ. ಐದನೆಯದಾಗಿ, ನಿರ್ದೇಶಕರ ನಿಲುವುಗಳು ದಾಖಲೆಯಾಗಿ, ಸೂಕ್ತ ಕಾಲದಲ್ಲಿ ಪ್ರಕಟವಾಗಬೇಕು.

ಈ ತತ್ತ್ವಗಳಿಗೆ ಒಂದು ಗಂಭೀರ ಆಕ್ಷೇಪವಿದೆ. ಸ್ವತಂತ್ರ ಸಮಿತಿಗಳ ಸದಸ್ಯರನ್ನು ಯಾವ ಜನತೆಯೂ ಆರಿಸಿಲ್ಲ. ಅವರ ಕೈಗೆ ಹೆಚ್ಚು ಅಧಿಕಾರ ನೀಡಿದರೆ ಚುನಾಯಿತ ಸರ್ಕಾರಗಳ ಮಾತು ಹಿಂದೆ ಬೀಳುತ್ತದೆ ಎಂಬುದು ಅಭಿವೃದ್ಧಿಶೀಲ ದೇಶಗಳು ಮತ್ತೆ ಮತ್ತೆ ಎತ್ತಿರುವ ಮಾತು. ಮತಬಲ ಕಡಿಮೆಯಿರುವ ದೇಶಗಳಿಗೆ ಸಾರ್ವಭೌಮತ್ವವೇ ಉಳಿದಿರುವ ಆಸರೆಯಾದುದರಿಂದ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಪರಿಶೀಲನಾ ಸಮಿತಿಗಳು ನಿರ್ಧರಿಸುವುದಿಲ್ಲ. ಸಂಗತಿಯನ್ನು ಕಂಡುಹಿಡಿದು ನಿರ್ಧರಿಸುವವರ ಮುಂದಿಡುತ್ತವೆ. ಅನಂತರದ ನಿರ್ಧಾರ ಸರ್ಕಾರಗಳದೇ. ಸಂಗತಿಯನ್ನು ತಿಳಿಯದೆ ಕೈಗೊಂಡ ನಿರ್ಧಾರಕ್ಕಿಂತ ತಿಳಿದು ಕೈಗೊಂಡ ನಿರ್ಧಾರ ಸಾರ್ವಭೌಮತ್ವಕ್ಕೆ ಕುಂದಲ್ಲ.

ಸಮಾರೋಪ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆ ಕಾವಲಿನ ಸಮಸ್ಯೆಯನ್ನು ಕಾವಲುಗಾರನ ದುರಾಸೆಯಲ್ಲಿ ಗುರುತಿಸುತ್ತದೆ. ಅಂತಾರಾಷ್ಟ್ರೀಯ ಸಂಸ್ಥೆಗಳ ವಿಷಯದಲ್ಲಿ ಸಮಸ್ಯೆ ಬಹುಮಟ್ಟಿಗೆ ಬೇರೆ ಬಗೆಯದು. ಇಲ್ಲಿ ಕಾವಲುಗಾರರಲ್ಲಿ ಹೆಚ್ಚಿನವರು ಪ್ರಾಮಾಣಿಕರೂ ಶ್ರಮಶೀಲರೂ ಆಗಿರುತ್ತಾರೆ. ಆದರೆ ಹೊಲವನ್ನು ಕಾಣಲಾಗದ ಜಾಗದಲ್ಲಿ ರಚನೆಯು ಅವರನ್ನು ಕೂರಿಸಿರುತ್ತದೆ. ನಾಗರಹೊಳೆಯ ಹಾಡಿಯಿಂದ ಹೊರಟ ದೂರು ವಾಷಿಂಗ್ಟನ್ನಿನ ಮಂಡಳಿಯ ಮೇಜಿನವರೆಗೆ ತಲುಪಲು 1993ರ ಸುಧಾರಣೆ ದಾರಿ ಮಾಡಿತು. ಅಲ್ಲಿ ತಲುಪಿದ ದೂರಿಗೆ ತನಿಖೆ ದೊರೆಯುವಂತೆ ಮಾಡಲು 1999ರ ತಿದ್ದುಪಡಿ ಬೇಕಾಯಿತು. ತನಿಖೆಯ ಫಲ ಮತ್ತೆ ಹಾಡಿಯವರೆಗೆ ಹಿಂದಿರುಗುವಂತೆ ಮಾಡುವ ವ್ಯವಸ್ಥೆಯನ್ನು ರೂಪಿಸುವುದು ಮುಂದಿನ ಕೆಲಸ. ಆಡಳಿತ ಮಂಡಳಿಗಳ ಪರಿಣಾಮಕಾರಿತ್ವವನ್ನು ಕೊನೆಗೆ ಅಳೆಯಬೇಕಾದುದು ಈ ಹಿಂದಿರುಗುವ ದಾರಿಯಲ್ಲಿ.